ಊಟ ಮಾರುವಂತಿಲ್ಲ

ಜನವರಿ 12, ಭಾನುವಾರ. ಸಂಜೆ

ಇವತ್ತೂ ಮೂವರು ಬಿಯರ್ ಕೇಳಿದರು. ತಪ್ಪು ಅವರದಲ್ಲ, ಬೋರ್ಡಿನದು. ‘ಬೀರ ಟೀ ಸ್ಟಾಲ್’. ಅಪ್ಪನ ಹೆಸರು ಬೀರ. ಜೀವಮಾನದಲ್ಲಿ ಚಹಾಕ್ಕಿಂತ ಗಟ್ಟಿಯಾದದ್ದನ್ನು ಮುಟ್ಟಿದವನಲ್ಲ. ಹುಬ್ಬಳ್ಳಿ ಕಡೆಯ ಹುಡುಗರು, ಕೆಳಗಿನ ಹಲಗೆಜೋಗ ಜಲಪಾತದಿಂದ ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತ — “ಅಂಕಲ್, ಚಿಲ್ಡ್ ಐತೇನ್ರಿ?”

“ಬೀರ ಇಲ್ಲಪ್ಪ, ತೀರಿಹೋದ. ಬೀರನ ಮಗ ಇದ್ದಾನೆ, ಅವನು ಚಿಲ್ಡ್ ಅಲ್ಲ” ಎಂದೆ. ಮುರುಗಲ ಪಾನಕ ಕುಡಿದು ಹೋದರು. ಕೆಂಪಗಿದೆ, ತಣ್ಣಗಿದೆ, ಗ್ಲಾಸಿನಲ್ಲಿದೆ. ಫೋಟೋಕ್ಕೆ ಸಾಕು.

ಊಟ ಕೇಳಿದವರಂತೂ ಲೆಕ್ಕಕ್ಕಿಲ್ಲ. ಹಲಗೆಜೋಗಕ್ಕೆ ಇಳಿದು ಹತ್ತಿದವರಿಗೆಲ್ಲ ಒಂದೇ ಹಸಿವು, ಒಂದೇ ಪ್ರಶ್ನೆ — ಅನ್ನ ಸಾರು ಸಿಗುತ್ತದಾ? ಸಿಗುವುದಿಲ್ಲ. ಚಹಾ, ಪಾನಕ, ಚುಡಾ, ಚಕ್ಕುಲಿ, ಬಿಸ್ಕೀಟು. ಮೂವತ್ತು ವರ್ಷದಿಂದ ಇಷ್ಟೇ. ಇದು ಸರ್ಕಾರದ ಜಾಗ. ಅಪ್ಪನಿಗೆ ಲೀಸಿಗೆ ಕೊಡುವಾಗಲೇ ಷರತ್ತು ಹಾಕಿದ್ದರು: ಚಹಾ, ಒಣ ತಿಂಡಿ ಮಾತ್ರ, ಊಟ ಮಾರುವಂತಿಲ್ಲ. ಎಂಜಲು ಹೊಳೆಗೆ ಬೀಳಬಾರದು ಎಂದು. ಒಳ್ಳೆಯ ಷರತ್ತೇ. ಅದಕ್ಕೇ ನಮ್ಮ ಹೊಳೆ ಇನ್ನೂ ಹೊಳೆಯುತ್ತಿದೆ.

ಮಮತಾ ಗಲ್ಲಾ ಪೆಟ್ಟಿಗೆ ಮುಚ್ಚುತ್ತ ಹೇಳಿದಳು, “ಊಟ ಒಂದು ಇದ್ದಿದ್ರೆ ಈ ಹೊತ್ತಿಗೆ ನಮ್ಮದೂ ಒಂದು ರೆಸಾರ್ಟ್ ಆಗೂದಿತ್ತು.”

“ಸಾರಿಲ್ಲದೆ ರೆ-ಸಾರ್-ಟು ಹೇಗೆ ಆಗ್ತದೆ ಮಾರಾಯ್ತಿ?”

ನಗಲಿಲ್ಲ. ಮದುವೆಯಾದ ಹೊಸದರಲ್ಲಿ ನಗುತ್ತಿದ್ದಳು. ಸ್ಟಾಕು ಹಳತಾಯಿತೋ ಗಿರಾಕಿ ಹಳತಾಯಿತೋ.

ಮಾರ್ಚ್ 31ಕ್ಕೆ ಲೀಸು ಮುಗಿಯುತ್ತದೆ. ಅರ್ಜಿ ಕೊಡಬೇಕು. ತಡವಾದರೆ ಗುತ್ತಿಗೆ ಹೋಗಿ ಕುತ್ತಿಗೆಗೆ ಬರುತ್ತದೆ.

ಜನವರಿ 20, ಸೋಮವಾರ

ಸಿದ್ದಾಪುರಕ್ಕೆ ಹೋಗಿ ಬಂದೆ. ಶೌಕತ್‌ನ ಜೀಪಿನಲ್ಲಿ. ಶೌಕತ್ ಸಿರ್ಸಿ ಪೇಟೆಯವನು, ಬಸ್‌ಸ್ಟ್ಯಾಂಡಿನಿಂದ ನಮ್ಮ ಜೋಗಕ್ಕೆ ಟೂರಿಸ್ಟರನ್ನು ತರುವವನು. ಅವನು ಜನ ತರದಿದ್ದರೆ ನನ್ನ ಚಹಾ ಆರುತ್ತದೆ, ನನ್ನ ಚಹಾ ಇಲ್ಲದಿದ್ದರೆ ಅವನ ಜನ ಎರಡನೇ ಸಲ ಬರುವುದಿಲ್ಲ. ಪಾರ್ಟ್‌ನರ್‌ಶಿಪ್ ಡೀಡ್ ಇಲ್ಲದ ಪಾರ್ಟ್‌ನರ್.

“ಏನ್ ಉಲ್ಲಾಸಣ್ಣ, ಪ್ಯಾಂಟಿಗೆ ಇಸ್ತ್ರಿ ಬಿದ್ದದೆ? ಮದ್ವೆ ಮನೆಯೋ ಕಚೇರಿಯೋ?”

“ಎರಡೂ ಒಂದೇ. ಒಳಗೆ ಹೊಕ್ಕಿದ ಮೇಲೆ ಹೊರಗೆ ಬರೂದು ಯಾವಾಗ ಅಂತ ಗೊತ್ತಾಗೂದಿಲ್ಲ.”

“ಭಾಬಿಗೆ ಹೇಳ್ತೆ ಇರಿ.”

ಕೌಂಟರಿನ ಮೇಡಂ ಅರ್ಜಿ ನೋಡಿ ಕೇಳಿದರು, “ಲೀಸುದಾರರು ಬೀರ ಅಂತ ಇದೆ. ಎಲ್ಲಿದ್ದಾರೆ?”

“ಮೇಲೆ ಹೋದರು ಮೇಡಂ.”

“ಮೇಲೆ ಯಾರ ಚೇಂಬರಿಗೆ?”

“ಚೇಂಬರಿಗಿಂತ ಮೇಲೆ.”

ಅವರಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ ಮರಣ ಪ್ರಮಾಣಪತ್ರ ಕೇಳಿದರು. ತಂದಿದ್ದೆ. ಅಪ್ಪ ಹೋಗಿ ನಾಲ್ಕು ವರ್ಷ. ಜೋಕು ಮಾಡಿದ್ದಕ್ಕೆ ಅವನೇನೂ ಬೇಸರಿಸುವವನಲ್ಲ, ಆದರೂ ಮೆಟ್ಟಿಲಿಳಿಯುವಾಗ ಮನಸ್ಸಿನಲ್ಲೇ ಅವನ ಕ್ಷಮೆ ಕೇಳಿಕೊಂಡೆ.

ಅರ್ಜಿ ಸ್ವೀಕೃತ. ಇನ್ನು ಕಂದಾಯ ನಿರೀಕ್ಷಕರು, ಅಂದರೆ ಆರ್‌ಐ ಸಾಹೇಬರು, ಸ್ಥಳ ಪರಿಶೀಲನೆಗೆ ಬರಬೇಕು. ಅವರ ವರದಿ ಮೇಲೆ ಹೋಗಬೇಕು. ಮೇಲಿನಿಂದ ಆದೇಶ 31ರೊಳಗೆ ಕೆಳಗೆ ಬರಬೇಕು. ಬರದಿದ್ದರೆ ಜಾಗ ಹರಾಜಿಗೆ.

ನಮ್ಮ ಜೋಗದಲ್ಲಿ ನೀರು ಮೇಲಿನಿಂದ ಕೆಳಗೆ ಬರಲು ಎರಡು ಸೆಕೆಂಡು ಸಾಕು. ಫೈಲಿಗೆ ಎಷ್ಟೋ.

ಫೆಬ್ರವರಿ 6, ಗುರುವಾರ

ಯಾರೂ ಬರಲಿಲ್ಲ. ಆರ್‌ಐ ಅಂತೂ ಇಲ್ಲ. ಬಂದವನು ಸುನೀಲ.

ಇಸಳೂರಿನ ಹುಡುಗ, ಕಾಲೇಜಿನಲ್ಲಿ ನನಗಿಂತ ನಾಲ್ಕೈದು ವರ್ಷ ಕೆಳಗೆ. ಈಗ ಗುಡ್ಡದ ಮೇಲಿನ ರೆಸಾರ್ಟಿಗೆ ಮ್ಯಾನೇಜರ್. ಎದೆಯ ಮೇಲೆ ಹೆಸರಿನ ಪಟ್ಟಿ. ನಮ್ಮೂರಲ್ಲಿ ನಮ್ಮ ಹೆಸರು ಅಂಟಿಸಿಕೊಂಡು ತಿರುಗುವ ಕಾಲ ಬಂತು.

ಚಹಾ ಕುಡಿದ. ಒಳ್ಳೆಯ ಹುಡುಗನೇ, ಕೆಟ್ಟ ಮಾತಾಡಲಿಲ್ಲ. ಕೆಟ್ಟ ಸುದ್ದಿ ಒಳ್ಳೆಯ ಮಾತಿನಲ್ಲಿ ಹೇಳಿದ.

“ಉಲ್ಲಾಸಣ್ಣ, ಲೀಸು ಆಗದೇ ಹೋದ್ರೂ ಟೆನ್ಶನ್ ಮಾಡ್ಕಂಬೇಡಿ. ಹರಾಜಿಗೆ ಬಂದ್ರೆ ನಮ್ಮ ಕಂಪನಿ ಹಿಡೀತದೆ. ಇಲ್ಲಿ ಫುಡ್ ಕೋರ್ಟ್ ಪ್ಲಾನ್ ಉಂಟು. ನಿಮಗೊಂದು ಟೀ ಕೌಂಟರ್ ಕೊಡ್ಸೂದು ನನ್ನ ಜವಾಬ್ದಾರಿ. ಯೂನಿಫಾರ್ಮ್, ಟೋಪಿ, ಪಿಎಫ್ ಎಲ್ಲ.”

“ಕೋರ್ಟು ಅಂದ್ಮೇಲೆ ನಾನು ವಾದಿಯೋ ಪ್ರತಿವಾದಿಯೋ?”

“ನೀವು ಬದಲಾಗಲೇ ಇಲ್ಲ ನೋಡಿ!” ಎಂದು ನಕ್ಕ. ಚಹಾದ ದುಡ್ಡು ಕೊಟ್ಟು ಹೋದ. ಟಿಪ್ಸ್ ಕೂಡ ಇಟ್ಟಿದ್ದ. ನನಗೆ, ಟಿಪ್ಸ್!

ಅವನು ಹೋದ ಮೇಲೆ ಗ್ಲಾಸು ತೊಳೆಯುತ್ತ ನಿಂತೆ. ತೊಳೆದದ್ದನ್ನೇ ತೊಳೆದೆ. ಇದನ್ನು ಇಲ್ಲಿ ಮಾತ್ರ ಬರೆಯುತ್ತೇನೆ — ಹೆದರಿಕೆಯಾಯಿತು. ಈ ಕಟ್ಟೆ, ಈ ಒಲೆ, ಈ ಹಂಚು, ಕೆಳಗಿನಿಂದ ಬರುವ ಈ ನೀರಿನ ಸದ್ದು. ಇದನ್ನೆಲ್ಲ ಬೇರೆಯವರ ಟೋಪಿ ಹಾಕಿಕೊಂಡು ಕೇಳುವುದು ನನ್ನಿಂದಾಗದು.

ಫೆಬ್ರವರಿ 18, ಮಂಗಳವಾರ

ಫೋನ್ ಬಂತು. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಆರ್‌ಐ ಬರುತ್ತಾರೆ. ಹೆಸರು ಶಿವಲಿಂಗಪ್ಪ. ಹಾನಗಲ್ ಕಡೆಯವರು, ಬಂದು ಆರು ತಿಂಗಳಾಗಿದೆಯಂತೆ.

ಸುದ್ದಿ ನನಗಿಂತ ಮೊದಲು ಸುಬ್ಬಿ ಅತ್ತೆಗೆ ಮುಟ್ಟಿತ್ತು. ಅಪ್ಪನ ಅಕ್ಕ, ನಮ್ಮ ಜೊತೆಗೇ ಇರುವವಳು. ಅಂಗಡಿಯಿಂದ ಏರಿ ಹತ್ತಿದರೆ ನಮ್ಮ ಮನೆ, ಮನೆಯಲ್ಲಿ ಅಡುಗೆಮನೆ ಅತ್ತೆಯ ತಾಲೂಕು. ಅಲ್ಲಿಗೆ ಬೇರೆ ತಹಶೀಲ್ದಾರ್ ಇಲ್ಲ.

“ಸಾಹೇಬ್ರು ಬತ್ರಂತಲ್ಲ ತಮಾ. ಕೋಳಿ ಹಿಡಿಲಾ?”

“ಶಿವಲಿಂಗಪ್ಪ ಅಂತ ಹೆಸರು ಅತ್ತೆ.”

“ಹಂಗಾರೆ ಕೋಳಿ ಬಚಾವು.”

“ಕೋಳಿಯೂ ಬೇಡ, ಊಟವೂ ಬೇಡ. ಹನ್ನೊಂದಕ್ಕೆ ಬರ್ತಾರೆ, ಹನ್ನೆರಡಕ್ಕೆ ಹೋಗ್ತಾರೆ. ಚಹಾ ಸಾಕು.”

“ಹನ್ನೊಂದಕ್ಕೆ ಬಂದ್ರೆ ಚಹಾ ಸಾಕು. ಊಟದ ಹೊತ್ತಿಗೆ ಬಂದ್ರೆ?”

“ಬರೂದಿಲ್ಲ.”

“ಆಫೀಸಿನವ್ರು ಹೇಳಿದ ಹೊತ್ತಿಗೆ ಬಂದದ್ದು ನೀ ಎಲ್ಲಾದ್ರೂ ಕಂಡಿದ್ಯನಾ?”

ಅತ್ತೆಯ ಕಾನೂನು ಒಂದೇ. ಮಧ್ಯಾಹ್ನ ಹೊಸ್ತಿಲ ಹತ್ತಿರ ಬಂದ ಪರಿಚಯದವರು ಉಣ್ಣದೆ ಹೋಗಕೂಡದು. ಕರೆಂಟ್ ಬಿಲ್ಲಿನವರು, ಪೋಸ್ಟಿನವರು, ಒಮ್ಮೆ ದಾರಿ ತಪ್ಪಿ ಬಂದ ಇನ್ಶುರೆನ್ಸ್ ಏಜೆಂಟ್. ಅವನು ಪಾಲಿಸಿ ಮಾಡಿಸುವುದನ್ನೇ ಮರೆತು ಹೋದ. ಅದೊಂದು ನಿಜವಾದ ಇನ್ಶುರೆನ್ಸ್.

ಫೆಬ್ರವರಿ 20, ಗುರುವಾರ. ಸಂಜೆ

ಏನು ನಡೆಯಿತೋ ಹಾಗೆಯೇ ಬರೆದುಬಿಡುತ್ತೇನೆ.

ಹನ್ನೊಂದಾಯಿತು. ಹನ್ನೆರಡಾಯಿತು. ಒಂದು ದಾಟಿದ ಮೇಲೆ ಶೌಕತ್‌ನ ಜೀಪು ಬಂತು. ಟೂರಿಸ್ಟರ ನಡುವೆ ಫೈಲು ಅಪ್ಪಿಕೊಂಡು ಒಬ್ಬ ದಪ್ಪ ಮೀಸೆಯ ಮನುಷ್ಯ. ಕೋಲಸಿರ್ಸಿ ಹತ್ತಿರ ಸಾಹೇಬರ ಬೈಕು ಪಂಕ್ಚರ್, ಶೌಕತ್ ಹತ್ತಿಸಿಕೊಂಡು ಬಂದಿದ್ದಾನೆ.

“ಏನ್ರಿ ಇದು ನಿಮ್ಮ ದಾರಿ, ದಾರಿ ಅನ್ನೂದಕ್ಕ ಹಾವು ಅನ್ಬೇಕು ಇದಕ್ಕ” ಎಂದು ಇಳಿದರು. ಒಳ್ಳೆಯ ನಗು.

ಕೆಲಸ ಚುರುಕು. ಟೇಪು ಹಿಡಿದು ಅಳೆದರು, ಒಂದು ತುದಿ ಶೌಕತ್‌ನ ಕೈಯಲ್ಲಿ. ಹತ್ತು ಗುಂಟೆ ಹತ್ತೇ ಗುಂಟೆ. ಹೊಸದಾಗಿ ಏನೂ ಕಟ್ಟಿಲ್ಲ. ಒಲೆ ಒಂದು, ಅದರ ಮೇಲೆ ಚಹಾ. ಕಸದ ಬುಟ್ಟಿ ಎಲ್ಲೆಲ್ಲಿ ಬೇಕೋ ಅಲ್ಲಲ್ಲಿ. ಹೊಳೆ ಬಗ್ಗಿ ನೋಡಿದರು. “ಸ್ವಚ್ಛ ಇಟ್ಟೀರಿ ಬಿಡ್ರಿ” ಎಂದರು. ನನಗೆ ಆಗಲೇ ಮೂವತ್ತು ವರ್ಷ ಆಯುಷ್ಯ ಸಿಕ್ಕಿದ ಹಾಗಾಯಿತು.

ಅಷ್ಟರಲ್ಲಿ ಏರಿಯಿಂದ ಅತ್ತೆ ಇಳಿದಳು. ತಲೆಯ ಮೇಲೆ ಬುಟ್ಟಿ, ಕೈಯಲ್ಲಿ ಬಾಳೆಲೆ. ಹಿಂದೆ ಮಮತಾ, ಅನ್ನದ ಪಾತ್ರೆ ಹಿಡಿದು, ನನ್ನ ಮುಖ ನೋಡದೆ.

“ಬನ್ನಿ ಸಾಹೇಬ್ರೇ, ಕೈ ತೊಳ್ಕಳಿ.”

“ಬ್ಯಾಡ್ರಿ ಯವ್ವಾ. ನಂದು ಬುತ್ತಿ ಐತಿ, ಆಫೀಸಿನ್ಯಾಗ.”

“ಬುತ್ತಿ ಆಫೀಸಲ್ಲಿದ್ರೆ ಹೊಟ್ಟೆಗೆ ಎಂತ ಬಂತು? ಕೂತ್ಕಳಿ.”

ಕೂತರು. ಯಾರಾದರೂ ಕೂರುತ್ತಾರೆ. ಕೆಂಪಕ್ಕಿ ಅನ್ನ, ಬಸಳೆ ಹುಳಿ, ಒಂದೆಲಗದ ತಂಬಳಿ, ಹಪ್ಪಳ. ಆಮೇಲೆ ಅಪ್ಪೆಹುಳಿ, ಹೋದ ವರ್ಷ ಉಪ್ಪುನೀರಿಗೆ ಹಾಕಿಟ್ಟ ಮಾವಿನಕಾಯಿಯದು.

“ಇದನ್ನ ಕಲಸಬೇಕೋ ಕುಡೀಬೇಕೋ?”

“ಮೊದ್ಲು ಕಲಸಿ, ಆಮೇಲೆ ಕುಡೀರಿ, ಆಮೇಲೆ ಮಲಗಿ” ಎಂದ ಶೌಕತ್. ಅವನೂ ಪಕ್ಕದ ಎಲೆಗೆ ಕೂತಿದ್ದ.

ಮೂರು ಲೋಟ ಕುಡಿದರು. “ಇದೇನ್ ಮಾಯಾ ಐತಿ ಯವ್ವಾ!” ಅಪ್ಪೆಹುಳಿಯ ಗುಣ ಗೊತ್ತೇ ಇದೆ. ಕಂಬಕ್ಕೆ ಒರಗಿ ಸಾಹೇಬರು ಹತ್ತು ನಿಮಿಷ ಕಣ್ಣು ಮುಚ್ಚಿದರು. ಸ್ಥಳ ಪರಿಶೀಲನೆ ಮುಗಿದಿತ್ತು, ಪಾತ್ರೆಯ ತಳ ಪರಿಶೀಲನೆಯೂ ಮುಗಿದಿತ್ತು. ನಾನು ಮನಸ್ಸಿನಲ್ಲೇ ಈ ಪನ್ನು, ಈ ಶಬ್ದದಾಟ, ಜೋಡಿಸಿಕೊಂಡು ಖುಷಿಯಾಗಿದ್ದೆ.

ಆಗ ಮೆಟ್ಟಿಲು ಹತ್ತಿ ಒಂದು ಗುಂಪು ಬಂತು. ಎಲೆ ನೋಡಿದರು.

“ಓ, ಊಟ ಇದೆ ಇಲ್ಲಿ! ಅಂಕಲ್, ಆರು ಪ್ಲೇಟ್. ರೇಟ್ ಎಷ್ಟು?”

“ಊಟ ಇಲ್ಲ” ಎಂದೆ.

“ಇವರಿಗೆ ಕೊಟ್ಟಿದ್ದೀರಲ್ಲ? ಇವರು ದುಡ್ಡು ಕೊಡಲ್ವಾ?”

ಸಾಹೇಬರು ಕಣ್ಣು ಬಿಟ್ಟರು. ಫೈಲು ತೆಗೆದರು. ಲೀಸಿನ ಷರತ್ತುಗಳ ಮೇಲೆ ಬೆರಳು ಓಡಿಸಿದರು. ನಾಲ್ಕನೆಯದರಲ್ಲಿ ಬೆರಳು ನಿಂತಿತು. ಮುಖದ ಅಪ್ಪೆಹುಳಿ ಇಳಿದುಹೋಯಿತು.

“ಉಲ್ಲಾಸ ಅವರ... ನಾ ಉಂಡದ್ದು ಊಟ ಅಲ್ರೀ?”

“ಮನೆ ಊಟ ಸರ್. ಮಾರೂದಲ್ಲ.”

“ಹಂಗಾದ್ರ ಇನ್ನೂ ಕೆಟ್ಟಿತು. ನೀವು ಅರ್ಜಿದಾರರು, ನಾ ಪರಿಶೀಲನೆಗೆ ಬಂದಾಂವ. ಪುಕ್ಕಟೆ ಉಂಡ್ರ ಅದಕ್ಕ ಏನಂತಾರ?” ಕಿಸೆಯಿಂದ ನೂರರ ನೋಟು ತೆಗೆದು ಲೋಟದ ಕೆಳಗಿಟ್ಟರು.

ಅತ್ತೆ ಬೆಂಕಿಯಾದಳು. “ಎಂತ ಇದು? ಉಂಡ ಎಲೆ ಹತ್ರ ದುಡ್ಡು ಇಡ್ತ್ರನಾ? ನಾ ಎಂತ ಖಾನಾವಳಿಯವಳನಾ?”

“ಯವ್ವಾ, ಸಿಟ್ಟಾಗಬ್ಯಾಡ್ರಿ. ನನ್ನ ಕಷ್ಟ ನೋಡ್ರಿ. ರೊಕ್ಕ ಕೊಡ್ಲಿಲ್ಲಂದ್ರ ನಾ ಲಂಚ ತಿಂದಂಗ. ಕೊಟ್ನೆಂದ್ರ ನೀವು ಊಟ ಮಾರಿದಂಗ.” ನನ್ನ ಕಡೆ ತಿರುಗಿ, “ನಾ ವರದಿಯೊಳಗ ಏನಂತ ಬರೀಲಿ ಹೇಳ್ರಿ?”

ಸಾಹೇಬರು ನೋಟು ಅಲ್ಲೇ ಬಿಟ್ಟು, ತಲೆ ಬಗ್ಗಿಸಿ, ಜೀಪು ಹತ್ತಿದರು.

ಫೆಬ್ರವರಿ 21, ಶುಕ್ರವಾರ

ನೋಟು ಲೋಟದ ಕೆಳಗೇ ಇದೆ. ಅತ್ತೆ ಮುಟ್ಟುವುದಿಲ್ಲ, ನಮಗೂ ಮುಟ್ಟಲು ಬಿಡುವುದಿಲ್ಲ. ಅಡುಗೆಮನೆಗೆ ಕಾಲಿಟ್ಟಿಲ್ಲ. ನಿನ್ನೆ ಸಂಜೆಯಿಂದ ಮನೆಯವರೆಲ್ಲ ಅವಲಕ್ಕಿಯ ಮೇಲೆ ಇದ್ದೇವೆ. ಷರತ್ತಿನ ಪ್ರಕಾರ ಒಣ ತಿಂಡಿ.

ಶೌಕತ್ ಸಲಹೆ ಕೊಟ್ಟ: “ಅದು ಊಟ ಅಲ್ಲ, ಸ್ಯಾಂಪಲ್ ಅಂತ ಹೇಳಿಬಿಡಿ.”

“ಸ್ಯಾಂಪಲ್ ಮೂರು ಲೋಟ ಕುಡೀತಾರಾ?”

“ಹಾಗಿದ್ರೆ ಔಷಧ.”

ಮಮತಾ ಗದರಿದಳು, “ನೀವಿಬ್ರೂ ಸುಮ್ನಿರಿ. ಸುಳ್ಳು ಹೇಳೂದು ಬೇಡ. ಆ ಸಾಹೇಬ್ರು ಸುಳ್ಳು ಬರೆಯೂ ಜಾತಿಯಲ್ಲ, ಅದೇ ಕಷ್ಟ.”

ಅದೇ ಕಷ್ಟ. ಕಳ್ಳನಾಗಿದ್ದರೆ ಒಂದು ದಾರಿ ಇತ್ತು. ಪ್ರಾಮಾಣಿಕ ಮನುಷ್ಯ ಸಿಕ್ಕಿದ್ದಾನೆ, ಅವನಿಗೆ ನಾವು ಊಟ ಹಾಕಿ ಕೆಡಿಸಿದ್ದೇವೆ. ಮೂವತ್ತು ವರ್ಷ ಸಾವಿರಾರು ಜನಕ್ಕೆ ಊಟ ಇಲ್ಲ ಎಂದವರು, ಪರಿಶೀಲನೆಗೆ ಬಂದ ಒಬ್ಬನೇ ಒಬ್ಬನಿಗೆ ಎಲೆ ಹಾಕಿದೆವು. ಇಂಥ ಉಲ್ಲಂಘನೆ ಉಲ್ಲಾಸನ ಮನೆಯಲ್ಲಿ ಮಾತ್ರ ಸಾಧ್ಯ.

ನಗು ಬರುತ್ತದೆ. ಆಮೇಲೆ ಸುನೀಲನ ಟೋಪಿ ನೆನಪಾಗುತ್ತದೆ.

ಫೆಬ್ರವರಿ 24, ಸೋಮವಾರ

ಬೆಳಿಗ್ಗೆ ಅತ್ತೆ ಹೊಸ ಸೀರೆ ಉಟ್ಟು ಹೊರಗೆ ನಿಂತಿದ್ದಳು. ನೋಟು ಸೆರಗಿನ ತುದಿಯಲ್ಲಿ ಗಂಟು ಹಾಕಿತ್ತು.

“ಸಾಹೇಬ್ರ ಮನೆಗೆ ಕರ್ಕಂಡು ಹೋಗು.”

“ಎಂತಕ್ಕೆ ಅತ್ತೆ?”

“ಅವ್ರ ದುಡ್ಡು ಅವ್ರಿಗೆ.”

ಶೌಕತ್‌ಗೆ ಮನೆ ಗೊತ್ತಿತ್ತು. ಸಿದ್ದಾಪುರ ಪೇಟೆಯಲ್ಲಿ ಒಂದು ಬಾಡಿಗೆ ಮನೆ. ಸಾಹೇಬರು ಆಫೀಸಿಗೆ ಹೋಗಿದ್ದರು. ಇದ್ದವರು ಅವರ ತಾಯಿ, ಗುರುಶಾಂತವ್ವ. ಅತ್ತೆಯ ಪ್ರಾಯದವರೇ. ಹೊತ್ತು ನೋಡಿದರೆ ಊಟದ ಹೊತ್ತು. ದಾರಿಯಲ್ಲಿ ಅತ್ತೆ ಅಲ್ಲಿ ಇಲ್ಲಿ ನಿಲ್ಲಿಸಿ ಸಾವಕಾಶ ಮಾಡಿದ್ದು ಯಾಕೆಂದು ನನಗೆ ಆಮೇಲೆ ಹೊಳೆಯಿತು.

“ಬರ್ರಿ ಬರ್ರಿ, ಒಳಗ ಬರ್ರಿ. ಜೋಗದ ಮನಿಯವ್ರಾ? ನನ್ ಮಗ ನಾಕು ದಿನದಿಂದ ನಿಮ್ಮ ಹುಳೀದs ಮಾತು. ಕುಂದರ್ರಿ, ರೊಟ್ಟಿ ಬಿಸಿ ಅದಾವ.”

ಕೂತೆವು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಅತ್ತೆ ರೊಟ್ಟಿ ಮುರಿಯುವುದು ಹೇಗೆಂದು ಕೇಳಿ ಕಲಿತು, ಎರಡು ತಿಂದಳು. ಶೌಕತ್ ನಾಲ್ಕು. ನನ್ನ ಲೆಕ್ಕ ಬೇಡ.

ಅಷ್ಟರಲ್ಲಿ ಸಾಹೇಬರು ಊಟಕ್ಕೆ ಬಂದರು. ಬಾಗಿಲಲ್ಲೇ ನಿಂತರು. ಅವರ ಮನೆಯ ನೆಲದ ಮೇಲೆ ಅರ್ಜಿದಾರ, ಅರ್ಜಿದಾರನ ಅತ್ತೆ, ಅರ್ಜಿದಾರನ ಜೀಪು ಡ್ರೈವರ್, ಸಾಲಾಗಿ ಉಣ್ಣುತ್ತಿದ್ದಾರೆ. ಈ ಸಲ ಪರಿಶೀಲನೆಗೆ ಹೋದವರು ನಾವು.

ಅತ್ತೆ ಅವರನ್ನು ನೋಡಿದಳು. ಕೈ ತೊಳೆದಳು. ಸೆರಗಿನ ಗಂಟು ಬಿಚ್ಚಿ, ಆ ನೂರರ ನೋಟನ್ನು ಗುರುಶಾಂತವ್ವನ ಮುಂದೆ ಹಿಡಿದಳು.

“ರೊಟ್ಟಿ ಭಾರಿ ಲಾಯ್ಕಿತ್ತು. ತಗಳಿ.”

ಗುರುಶಾಂತವ್ವ ಲಟ್ಟಣಿಗೆ ಕೆಳಗಿಟ್ಟರು. “ಏನಿದು?”

“ಊಟದ ದುಡ್ಡು.”

“ಏನಂದ್ರಿ? ಉಂಡದ್ದಕ್ಕ ರೊಕ್ಕ ಕೊಡಾಕ ಬಂದೀರಿ? ನಾ ಏನು ಖಾನಾವಳಿ ಇಟ್ಟೀನಿ? ಹಿರೇರದೀರಿ ಅಂತ ಸುಮ್ನದೀನಿ, ಇಲ್ಲಾಂದ್ರ ಇದೇ ಲಟ್ಟಣಿಗಿ...”

ಬಾಗಿಲಲ್ಲಿ ಸಾಹೇಬರು ನಗಲು ಶುರುಮಾಡಿದರು. ಫೈಲು ಹಿಡಿದ ಕೈ ಅಲ್ಲಾಡುವಷ್ಟು. “ಸಾಕು ತಗೋರಿ ಯವ್ವಾ, ತಿಳೀತು. ಇಬ್ರೂ ಒಂದs ಮಾತು ಬೈದ್ರಿ. ಆ ನೋಟು ಇತ್ಲಾಗ ಕೊಡ್ರಿ.”

ನೋಟು ವಾಪಸ್ ಅವರ ಕಿಸೆಗೆ ಹೋಯಿತು. ಅವರ ಊಟಕ್ಕೆ ನಮ್ಮ ಊಟ ಸರಿಯಾಯಿತು. ಅವರು ನಮ್ಮಲ್ಲಿ ಉಂಡರು, ನಾವು ಅವರಲ್ಲಿ ಉಂಡೆವು. ಒಬ್ಬರಿಗೊಬ್ಬರು ಋಣವಿಲ್ಲ. ಸಾಹೇಬರು ಕೈ ತೊಳೆದು ಕೂರುತ್ತ ಹೇಳಿದರು, “ಆದದ್ದನ್ನ ಆದಂಗs ಬರೀತೀನ್ರಿ. ಅಂಗಡಿಯೊಳಗ ಅಡಗಿ ಒಲಿ ಇಲ್ಲ. ಮನಿಯಿಂದ ಬಂದ ಊಟ, ನಾನs ಉಂಡೆ, ಮಾರಿದ್ದಲ್ಲ, ರೊಕ್ಕ ವಾಪಸ್ ಬಂತು. ಮ್ಯಾಲಿನವರು ನಕ್ರ ನಗಲಿ.”

ಜೀಪಿನಲ್ಲಿ ಕೇಳಿದೆ, “ಅತ್ತೆ, ಆ ಅಮ್ಮನಿಗೆ ದುಡ್ಡು ಕೊಟ್ಟದ್ದು ಬೇಕಂತಲೇನಾ?”

“ಮತ್ತೆಂತ. ನಾ ಹೇಳಿದ್ರೆ ಸಾಹೇಬ್ರಿಗೆ ತಾಗೂದಿಲ್ಲ. ತಾಯಿ ಹೇಳಿದ್ರೆ ತಾಗ್ತದೆ.”

ರಾತ್ರಿ ಅನ್ನ ಆಯಿತು. ಅವಲಕ್ಕಿಗೆ ವಿದಾಯ.

ಮಾರ್ಚ್ 17, ಸೋಮವಾರ

ಮೂರು ವಾರ ಏನೂ ಬರೆದಿಲ್ಲ, ಏನೂ ಆಗಿಲ್ಲ. ರಂಜಾನ್ ಉಪವಾಸ, ಶೌಕತ್ ಚಹಾ ಮುಟ್ಟುತ್ತಿಲ್ಲ. ಎದುರಿಗೆ ಕೂತು ನಾನು ಕುಡಿಯುವುದನ್ನು ನೋಡಿ ನಿಟ್ಟುಸಿರು ಬಿಡುತ್ತಾನೆ. ಮರೆಯಲ್ಲಿ ಕುಡಿಯುತ್ತೇನೆ. ನನ್ನದೇ ಅಂಗಡಿಯಲ್ಲಿ, ಕದ್ದು.

ಇವತ್ತು ಶಿವಲಿಂಗಪ್ಪನವರ ಫೋನು, ಧ್ವನಿಯಲ್ಲಿ ಸಂಭ್ರಮ. “ಉಲ್ಲಾಸ ಅವರ, ಶುಭ ಸುದ್ದಿ! ನಾ ವರದಿಯೊಳಗ ಒಂದು ಮಾತು ಸೇರ್ಸಿದ್ದೆ, ಇಲ್ಲಿ ಬರೂ ಜನಕ್ಕ ಊಟದ ಅವಶ್ಯಕತೆ ಭಾಳ ಐತಿ ಅಂತ. ಮ್ಯಾಲಿನವರು ಒಪ್ಯಾರ! ಹೊಸಾ ಲೀಸಿನ್ಯಾಗ ಊಟ ಮಾರಾಕ ಪರವಾನಿಗಿ. ಬಾಡಿಗಿ ಸ್ವಲ್ಪ ಹೆಚ್ಚು. ವರ್ಷಾಪೂರ್ತಿ ದಿನಾ ಊಟ ಇರಬೇಕು ಅಷ್ಟs. ಒಪ್ಪಿಗಿ ಪತ್ರ ಶುಕ್ರವಾರದೊಳಗ ಕೊಡ್ರಿ.”

ಉಪಕಾರ ಮಾಡಿದ್ದಾರೆ, ಪಾಪ. ಅಪ್ಪೆಹುಳಿಯ ಪ್ರಭಾವ ಸರ್ಕಾರದ ತನಕ ಹೋಯಿತು.

ಮಮತಾ ಕುಣಿದಳು. ಕ್ಯಾಲ್ಕುಲೇಟರ್ ತೆಗೆದಳು. ಅತ್ತೆ ಮಾತ್ರ ಎದ್ದು ಒಳಗೆ ಹೋದಳು. ಬಾಗಿಲಲ್ಲಿ ತಿರುಗಿ, “ಮಾರೂ ಊಟಕ್ಕೆ ನನ್ನ ಕೈ ಬರೂದಿಲ್ಲ ತಮಾ. ನೀವು ಮಾಡಿ, ಬೇಡ ಹೇಳೂದಿಲ್ಲ.”

ನನಗೋ... ಆಸೆಯಾಗಿದೆ. ಮೂವತ್ತು ವರ್ಷ ಇಲ್ಲ ಇಲ್ಲ ಎಂದು ಹೇಳಿ ಈ ಬಾಯಿಗೆ ಬೇಸರ ಬಂದಿದೆ. ಒಮ್ಮೆ ‘ಇದೆ’ ಎನ್ನಬೇಕು ಅನಿಸುತ್ತದೆ.

ಮಾರ್ಚ್ 19, ಬುಧವಾರ

ಮಮತಾ ಎರಡು ದಿನ ಲೆಕ್ಕ ಹಾಕುತ್ತ ಓಡಾಡಿದಳು. ಇವತ್ತು ಸಂಜೆ ಕ್ಯಾಲ್ಕುಲೇಟರ್ ತಂದು ನನ್ನ ಮುಂದೆ ಮಗುಚಿಟ್ಟಳು.

“ಬೇಡ.”

“ಅತ್ತೆ ಬೇಜಾರಾಗ್ತಾಳೆ ಅಂತನಾ?”

“ಅತ್ತೆಗಲ್ಲ. ಅತ್ತೆಗೆ ವಯಸ್ಸಾತು, ನಾಳೆ ಆ ಒಲೆ ಮುಂದೆ ನಿಲ್ಲೂದು ನಾನು. ಮಾರೂದಾದ್ರೆ ಬೆಳಿಗ್ಗೆ ನಾಲ್ಕಕ್ಕೆ ಎದ್ದು ನೂರು ಜನಕ್ಕೆ ಬೇಯಿಸ್ಬೇಕು, ಮಳೆ ಬಂದ್ರೂ, ಜ್ವರ ಬಂದ್ರೂ, ಯಾರೂ ಬರದೇ ಹೋದ್ರೂ. ನೀವು ಗಿರಾಕಿಗಳ ಹತ್ರ ಪನ್ನು ಮಾಡ್ತಾ ನಿಲ್ತ್ರಿ. ನಿಮ್ಮದು ಪನ್ನು, ನನ್ನದು ಪ್ಯಾನು!”

ಹೊಟ್ಟೆಕಿಚ್ಚಾಯಿತು. ನನ್ನದಕ್ಕಿಂತ ಒಳ್ಳೆಯ ಪನ್ನು.

“ಮತ್ತೆ ಹೊಳೆ?” ಎಂದಳು. “ನೂರು ಎಲೆ ದಿನಾ ಎಲ್ಲಿ ಹಾಕೂದು? ಚಹಾ ಗ್ಲಾಸು ತೊಳೆದ ನೀರೇ ಹೊಳೆಗೆ ಹೋಗದ ಹಾಗೆ ನೋಡ್ಕಂಡಿದ್ದು. ಮನೆಗೆ ಬಂದವರಿಗೆ ಹಾಕೂದಾದ್ರೆ ಯಾರಿಗೆ, ಯಾವಾಗ ಅಂತ ನಿಶ್ಚಯ ಮಾಡೂದು ನಾನು. ಮಾರೂದಾದ್ರೆ ನಿಶ್ಚಯ ಮಾಡೂದು ಬಂದವರು.”

ಇಷ್ಟು ಚೆನ್ನಾಗಿ ಅಪ್ಪನೂ ಹೇಳಿರಲಿಲ್ಲ. ಅವನು ‘ಸರ್ಕಾರ ಹೇಳಿದೆ’ ಎಂದಷ್ಟೇ ಹೇಳುತ್ತಿದ್ದ.

ಹೆದರಿಕೆ ಒಂದೇ. ಮೇಲಿನವರು ಕೊಟ್ಟದ್ದನ್ನು ಬೇಡ ಎಂದರೆ, ಫೈಲು ಮತ್ತೆ ಕೆಳಗೆ ಬಂದು ಮೇಲೆ ಹೋಗಬೇಕು. 30 ಭಾನುವಾರ, ಯುಗಾದಿ. 31 ರಂಜಾನ್ ಹಬ್ಬದ ರಜೆ. ಅಂದರೆ ಇರುವುದು 29ರ ತನಕ. ಆಗದಿದ್ದರೆ ಊಟವೂ ಇಲ್ಲ, ಚಹಾವೂ ಇಲ್ಲ, ಜಾಗವೂ ಇಲ್ಲ.

“ಗೊತ್ತು” ಎಂದಳು. “ಆದ್ರೂ ಬೇಡ.”

ಮಾರ್ಚ್ 20, ಗುರುವಾರ

ಕೊಟ್ಟು ಬಂದೆ. ‘ಊಟ ಮಾರುವಂತಿಲ್ಲ ಎಂಬ ಹಳೆಯ ಷರತ್ತನ್ನು ಹಾಗೆಯೇ ಉಳಿಸಬೇಕಾಗಿ ವಿನಂತಿ.’

ಶಿವಲಿಂಗಪ್ಪನವರು ಎರಡು ಸಲ ಓದಿದರು. “ಷರತ್ತು ತಗೀರಿ ಅನ್ನೋರ್ನ ದಿನಾ ನೋಡ್ತೀನಿ. ಇರ್ಲಿ ಬಿಡ್ರಿ ಅನ್ನೋರ್ನ ಇವತ್ತs ಕಂಡೆ.” ಸ್ವಲ್ಪ ಬೇಸರವಾದಂತೆ ಕಂಡಿತು. ಕೊಟ್ಟ ಸೀರೆ ವಾಪಸ್ ಮಾಡಿದ ಹಾಗೆ.

“ನಿಮಗೆ ಊಟ ಯಾವತ್ತೂ ಇದ್ದೇ ಇದೆ ಸರ್. ಲೀಸು ಆದ ಮೇಲೆ, ಫೈಲು ಇಲ್ಲದೆ ಬನ್ನಿ” ಎಂದೆ. ಆಗ ಮೀಸೆ ಸಡಿಲವಾಯಿತು. “ನಾನs ಕೈಯಾಗ ಹಿಡ್ಕೊಂಡು ಮ್ಯಾಲೆ ಹೋಗ್ತೀನಿ ಇದನ್ನ” ಎಂದರು.

ಮಾರ್ಚ್ 26, ಬುಧವಾರ

ಏನೂ ಇಲ್ಲ. ಸುನೀಲ ಮೆಟ್ಟಿಲ ಹತ್ತಿರ ಯಾರಿಗೋ ಜಾಗ ತೋರಿಸುತ್ತ ನಿಂತಿದ್ದ, ಟೇಪು ಹಿಡಿದು. ನನ್ನನ್ನು ಕಂಡು ಕೈ ಬೀಸಿದ. ನಾನೂ ಬೀಸಿದೆ. ಚಹಾಕ್ಕೆ ಸಕ್ಕರೆ ಹಾಕಲು ಮರೆತೆ, ನಾಲ್ಕು ಗಿರಾಕಿ ಬೈದರು.

ಮಾರ್ಚ್ 29, ಶನಿವಾರ. ರಾತ್ರಿ

ಆಯಿತು!

ಮೂವತ್ತು ವರ್ಷ. ಹಳೆಯ ಬಾಡಿಗೆಗಿಂತ ಹೆಚ್ಚು, ಹೇಳಿದ್ದಕ್ಕಿಂತ ಕಡಿಮೆ. ಚಹಾ, ಪಾನಕ, ಒಣ ತಿಂಡಿ ಮಾತ್ರ. ಆಫೀಸು ಮುಚ್ಚುವ ಹೊತ್ತಿಗೆ ಆದೇಶ ಕೈಗೆ ಬಂತು. ಕೌಂಟರಿನ ಮೇಡಂ ಕೇಳಿದರು, “ಈ ಸಲ ಲೀಸುದಾರರು ಇಲ್ಲೇ ಇದ್ದಾರಲ್ಲ?” ಇದ್ದಾನೆ ಮೇಡಂ, ಸದ್ಯ ಕೆಳಗೇ ಇದ್ದಾನೆ.

ಲೀಸೇ ಲೇಸು. ಇದನ್ನು ಜನವರಿಯಿಂದ ಕಾದಿಟ್ಟಿದ್ದೆ, ಆಗುವ ತನಕ ಬರೆಯಬಾರದು ಎಂದು.

ಸುನೀಲ ಫೋನ್ ಮಾಡಿ ಅಭಿನಂದನೆ ಹೇಳಿದ. ನಿಜವಾಗಿಯೂ ಖುಷಿಯಾದ ಹಾಗೆ ಕೇಳಿಸಿತು. “ನಮ್ಮ ಫುಡ್ ಕೋರ್ಟ್ ಗುಡ್ಡದ ಮೇಲೇ ಮಾಡ್ತ್ರಂತೆ. ಊಟ ಕೇಳಿದವರನ್ನ ಅಲ್ಲಿಗೆ ಕಳ್ಸಿ ಉಲ್ಲಾಸಣ್ಣ.” ಕಳಿಸುತ್ತೇನೆ. ಇನ್ನು ಮೇಲೆ ‘ಇಲ್ಲ’ದ ಬದಲು ‘ಮೇಲೆ’ ಎನ್ನಬಹುದು.

ಮಮತಾಳಿಗೆ ಆದೇಶ ಕೊಟ್ಟೆ. ಓದಿ, ಮಡಚಿ, ನನ್ನ ಕೆನ್ನೆ ಹಿಂಡಿದಳು. ಇಪ್ಪತ್ತು ವರ್ಷದ ಮೇಲೆ, ಅಂಗಡಿಯಲ್ಲಿ, ಗಿರಾಕಿಗಳ ಮುಂದೆ.

ಏಪ್ರಿಲ್ 2, ಬುಧವಾರ. ಮಧ್ಯಾಹ್ನ, ಅಂಗಡಿಯಲ್ಲೇ

ಹಬ್ಬ ಮುಗಿದ ಬಿಡುವು. ಶೌಕತ್ ಇವತ್ತು ಜೀಪಿನಲ್ಲಿ ಬಾಡಿಗೆ ತರಲಿಲ್ಲ, ತನ್ನ ಮನೆಯವರನ್ನು ತಂದಿದ್ದಾನೆ. ತಾಯಿ ಅಮೀರುನ್ನಿಸಾ, ಮಗಳು ಮುನ್ನಿ. ಇಷ್ಟು ವರ್ಷ ಊರವರನ್ನೆಲ್ಲ ಜೋಗಕ್ಕೆ ತಂದವನು ಮನೆಯವರನ್ನು ಒಮ್ಮೆಯೂ ತಂದಿರಲಿಲ್ಲವಂತೆ. ತಾನೂ ಮೆಟ್ಟಿಲು ಇಳಿದದ್ದು ಇವತ್ತೇ ಮೊದಲು.

ಬೇಸಿಗೆ, ನೀರು ಸಣ್ಣ. ಹಲಗೆಯಷ್ಟು ಅಗಲ ಬೀಳುವ ಜೋಗ ಈಗ ಸೀರೆಯ ಅಂಚಿನಷ್ಟು. ಮುನ್ನಿ ಮೇಲೆ ಬಂದು ಕೇಳಿದಳು, “ಅಬ್ಬಾ, ಇಷ್ಟೇನಾ? ಇದಕ್ಕೆ ಜನ ದುಡ್ಡು ಕೊಡ್ತಾರಾ?”

“ಜೋಗಕ್ಕಲ್ಲ ಮಗಾ, ನನ್ನ ಜೀಪಿಗೆ.”

ಊಟದ ಹೊತ್ತಾಗಿದೆ. ಏರಿಯ ಮೇಲೆ ಅತ್ತೆ ಕಾಣುತ್ತಿದ್ದಾಳೆ, ಬುಟ್ಟಿ ಹೊತ್ತು ಹೊರಟಿದ್ದಾಳೆ. ಆದರೆ ಅವಳು ತಲುಪುವ ಮೊದಲೇ ಅಮೀರುನ್ನಿಸಾ ಚಾದರ ಹಾಸಿ, ಡಬ್ಬಿಗಳ ಮುಚ್ಚಳ ತೆಗೆದುಬಿಟ್ಟಿದ್ದಾರೆ. ಅಕ್ಕಿರೊಟ್ಟಿ. ಒಣ ಮೀನಿನ ಚಟ್ನಿಯ ಪರಿಮಳ. ದೊಡ್ಡ ಡಬ್ಬಿಯಲ್ಲಿ ಸೇವಿಗೆ, ಗೋಡಂಬಿ ತೇಲುತ್ತಿದೆ.

ಪೆನ್ನು ಹಿಡಿದು ಕೂತ ನನ್ನನ್ನು ಕರೆಯುತ್ತಿದ್ದಾರೆ. “ಬಾಪ್ಪಾ, ಎಂಥಾ ಬರೆಯೂದು ಊಟದ ಹೊತ್ತಲ್ಲಿ? ಹಬ್ಬದ್ದು ಇದು. ಒಂದು ತುತ್ತಾದ್ರೂ ತಿನ್ನದಿದ್ರೆ ನಮಗೆ ಬೇಜಾರಾಗ್ತದೆ.”

“ಬರ್ತಾರೆ ಅಮ್ಮಿ,” ಶೌಕತ್, “ಷರತ್ತು ಓದ್ತಾ ಇದ್ದಾರೆ.”

ಓದಿದೆ. ನಾಲ್ಕನೆಯದು. ಲೀಸಿನ ಜಾಗದಲ್ಲಿ ಊಟ ಮಾರುವಂತಿಲ್ಲ ಎಂದಿದೆ. ಕೂತು ಉಣ್ಣುವಂತಿಲ್ಲ ಎಂದು ಎಲ್ಲೂ ಬರೆದಿಲ್ಲ. ಬಂದೆ, ಬಂದೆ —